ತಾರೀಖುಗಳ ನಡುವಿನ ದಾರಿ: ವ್ಯವಹಾರದ ಘಟನಾಸರಣಿಯನ್ನು ಚಿತ್ರವಾಗಿ ತೋರುವ ತಂತ್ರಾಂಶಗಳು

ತಾರೀಖು ಇಲ್ಲದ ನಮೂದು ಯಾವ ರೋಜುಕಿರ್ದಿಯಲ್ಲಿಯೂ ಇರುವುದಿಲ್ಲ. ಆರ್ಡರು ಬಂದ ದಿನ, ಸರಕು ಹೊರಟ ದಿನ, ಬಿಲ್ಲು ಬರೆದ ದಿನ, ಹಣ ಜಮೆಯಾದ ದಿನ ಇವೆಲ್ಲವೂ ಒಂದಲ್ಲ ಒಂದು ಕಡೆ ದಾಖಲಾಗಿಯೇ ಇರುತ್ತವೆ. ಆದರೆ ಆರ್ಡರ್ ಪುಸ್ತಕ ಮೇಜಿನ ಮೇಲೆ, ಚಲನ್ ಪುಸ್ತಕ ಗೋದಾಮಿನಲ್ಲಿ, ಬಿಲ್ಲು ಗಣಕಯಂತ್ರದಲ್ಲಿ, ಬ್ಯಾಂಕಿನ ಪಾಸ್‌ಬುಕ್ಕು ಕಪಾಟಿನಲ್ಲಿ. ವರ್ಷಾಂತ್ಯಕ್ಕೆ ಇವು ಒಟ್ಟುಗೂಡಿ ಲಾಭ-ಹಾನಿ ಖಾತೆ ಮತ್ತು ಅಢಾವೆ ಪತ್ರಿಕೆಗಳಾದಾಗ ಮೊತ್ತಗಳು ಉಳಿಯುತ್ತವೆ. ಯಾವುದರ ನಂತರ ಯಾವುದು ನಡೆಯಿತು, ನಡುವೆ ಎಷ್ಟು ದಿನ ಕಳೆಯಿತು ಎಂಬ ಕ್ರಮವು ಕಣ್ಮರೆಯಾಗುತ್ತದೆ. ಬಾಕಿ ವಸೂಲಿಗೆ ಸರಾಸರಿ ಇಷ್ಟು ದಿನ ಹಿಡಿಯಿತೆಂದು ಲೆಕ್ಕಪತ್ರ ಹೇಳಬಲ್ಲದು. ಆ ದಿನಗಳು ಎಲ್ಲಿ ಸೋರಿಹೋದವೆಂಬುದನ್ನು ಅದು ಹೇಳಲಾರದು.

ಈ ಕೊರತೆಯನ್ನು ತುಂಬುವ ಉದ್ದೇಶದಿಂದಲೇ ಕಳೆದ ಮೂರು ದಶಕಗಳಲ್ಲಿ ಒಂದು ಬಗೆಯ ತಂತ್ರಾಂಶಗಳು ಬೆಳೆದು ಬಂದಿವೆ. ದಾಖಲೆಗಳಲ್ಲಿ ಹುದುಗಿರುವ ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಸಾವಿರಾರು ವ್ಯವಹಾರಗಳು ನಡೆದ ದಾರಿಯನ್ನು ಒಂದೇ ಚಿತ್ರದಲ್ಲಿ ತೋರಿಸುವುದು ಇವುಗಳ ಕೆಲಸ. ದೊಡ್ಡ ಕಂಪನಿಗಳ ಮಟ್ಟಿಗೆ ಇದು ಈಗ ಸಾಮಾನ್ಯ ಸಂಗತಿ. ಬಂಕಾಪುರ, ಶಿಗ್ಗಾವಿ, ಸವಣೂರು, ಹಾನಗಲ್ಲಗಳ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಇದರ ತತ್ತ್ವವು ಉಪಯೋಗಕ್ಕೆ ಬರುವಂಥದ್ದಾಗಿದೆ.

ರೈಲ್ವೆಯ ನಕ್ಷೆ

ಘಟನೆಗಳ ಕ್ರಮವನ್ನು ಚಿತ್ರವಾಗಿ ಓದುವ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ರೈಲ್ವೆಯ ನಿಯಂತ್ರಣ ಕೊಠಡಿಗಳಲ್ಲಿ ಸೆಕ್ಷನ್ ಕಂಟ್ರೋಲರುಗಳು ದಿನವೂ ಒಂದು ನಕ್ಷೆಯನ್ನು ಎಳೆಯುತ್ತಿದ್ದರು. ಕಾಗದದ ಒಂದು ಅಂಚಿನುದ್ದಕ್ಕೆ ಗಂಟೆ-ನಿಮಿಷಗಳು. ಇನ್ನೊಂದು ಅಂಚಿನಲ್ಲಿ ನಿಲ್ದಾಣಗಳ ಸಾಲು. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಕುಂದಗೋಳ, ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹರಿಹರ. ಪ್ರತಿಯೊಂದು ಗಾಡಿಗೂ ಒಂದು ಗೆರೆ. ಗೆರೆ ಕಡಿದಾಗಿದ್ದರೆ ಗಾಡಿ ವೇಗವಾಗಿ ಓಡುತ್ತಿದೆ. ಗೆರೆ ಅಡ್ಡಲಾಗಿ ಮಲಗಿದರೆ ಗಾಡಿ ನಿಂತಿದೆ. ಎರಡು ಗೆರೆಗಳು ಒಂದನ್ನೊಂದು ದಾಟುವಲ್ಲಿ ಎದುರುಬದುರು ಗಾಡಿಗಳ ಸಂಧಿ. ಯಾವ ಗಾಡಿ ಯಾವ ಗಾಡಿಗಾಗಿ ಎಲ್ಲಿ ಎಷ್ಟು ಹೊತ್ತು ಕಾಯಿತೆಂಬುದನ್ನು ಒಂದೇ ನೋಟಕ್ಕೆ ಹೇಳುವ ಈ ಬಗೆಯ ನಕ್ಷೆ ಫ್ರಾನ್ಸಿನಲ್ಲಿ 19ನೇ ಶತಮಾನದಲ್ಲಿಯೇ ಬಳಕೆಯಲ್ಲಿತ್ತು. ವಿಜ್ಞಾನಿ ಮಾರೆ ಪ್ರಕಟಿಸಿದ ಪ್ಯಾರಿಸ್-ಲಿಯಾನ್ ಮಾರ್ಗದ ನಕ್ಷೆ ಇಂದಿಗೂ ಪ್ರಸಿದ್ಧವಾಗಿದೆ. ಕೈಯಿಂದ ಎಳೆಯುತ್ತಿದ್ದ ಆ ಗೆರೆಗಳನ್ನು ಭಾರತೀಯ ರೈಲ್ವೆಯಲ್ಲಿ ಈಗ ಗಣಕಯಂತ್ರವೇ ಎಳೆಯುತ್ತದೆ.

ಗಾಡಿಯ ಜಾಗದಲ್ಲಿ ಒಂದು ಬಿಲ್ಲನ್ನೂ, ನಿಲ್ದಾಣಗಳ ಜಾಗದಲ್ಲಿ ಆರ್ಡರು, ರವಾನೆ, ಸ್ವೀಕೃತಿ, ಪಾವತಿ ಎಂಬ ಹಂತಗಳನ್ನೂ ಇಟ್ಟರೆ ಪ್ರಸ್ತುತ ವಿಷಯದ ಅರ್ಧಭಾಗ ತಿಳಿದಂತೆಯೇ.

ತಂತ್ರಾಂಶ ಮಾಡುವುದೇನು?

ಇದಕ್ಕೆ ಬೇಕಾದ ಮೂಲಸಾಮಗ್ರಿ ಮೂರೇ ಅಂಕಣಗಳ ಒಂದು ಪಟ್ಟಿ. ಮೊದಲನೆಯದು ಪ್ರಕರಣದ ಗುರುತು, ಅಂದರೆ ಆರ್ಡರ್ ಸಂಖ್ಯೆ ಅಥವಾ ಲಾಟ್ ಸಂಖ್ಯೆ. ಎರಡನೆಯದು ಘಟನೆಯ ಹೆಸರು. ಮೂರನೆಯದು ಘಟನೆ ನಡೆದ ದಿನ ಮತ್ತು ವೇಳೆ. ಒಂದೇ ಗುರುತಿನ ಸಾಲುಗಳನ್ನು ವೇಳೆಯ ಪ್ರಕಾರ ಜೋಡಿಸಿದಾಗ ಆ ಪ್ರಕರಣದ ಸರಣಿ ದೊರೆಯುತ್ತದೆ.

ಈ ಸರಣಿಗಳನ್ನು ತೋರಿಸುವಲ್ಲಿ ಎರಡು ಪರಂಪರೆಗಳಿವೆ. ಅಮೆರಿಕೆಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ಪ್ಲೇಸಾಂ, ಬೆನ್ ಶ್ನೈಡರ್‌ಮನ್ ಮತ್ತು ಸಂಗಡಿಗರು 1996ರಲ್ಲಿ ಲೈಫ್‌ಲೈನ್ಸ್ ಎಂಬುದನ್ನು ಪ್ರಕಟಿಸಿದರು. ವ್ಯಕ್ತಿಯೊಬ್ಬನ ದಾಖಲೆಗಳನ್ನು ಕಾಲರೇಖೆಯ ಮೇಲೆ ಹರಡುವುದು ಅದರ ಕ್ರಮ. ಮುಂದೆ ಅಲ್ಲಿಯೇ 2011ರಲ್ಲಿ ಲೈಫ್‌ಫ್ಲೋ, ಬಳಿಕ ಈವೆಂಟ್‌ಫ್ಲೋ ಬಂದವು. ಬಹುಸಂಖ್ಯೆಯ ಸರಣಿಗಳಲ್ಲಿ ಒಂದೇ ತೆರನಾದವುಗಳನ್ನು ಒಟ್ಟುಗೂಡಿಸಿ, ಬಣ್ಣದ ಪಟ್ಟಿಗಳಾಗಿ ತೋರಿಸುವುದು ಇವುಗಳ ವೈಶಿಷ್ಟ್ಯ. ಪಟ್ಟಿಯ ಎತ್ತರ ಪ್ರಕರಣಗಳ ಸಂಖ್ಯೆಯನ್ನೂ, ಎರಡು ಪಟ್ಟಿಗಳ ನಡುವಣ ಅಂತರ ಕಳೆದ ಕಾಲವನ್ನೂ ಸೂಚಿಸುತ್ತವೆ. ಬೇಕಾದ ಒಂದು ಘಟನೆಯನ್ನು ಆಯ್ದು ಎಲ್ಲ ಸರಣಿಗಳನ್ನೂ ಅದರ ನೇರಕ್ಕೆ ನಿಲ್ಲಿಸಬಹುದು. ಬಿಲ್ಲು ಬರೆದ ದಿನವನ್ನು ಗೂಟವಾಗಿಟ್ಟುಕೊಂಡರೆ, ಅದಕ್ಕೆ ಮೊದಲು ಏನೇನಾಯಿತು, ನಂತರ ಏನೇನಾಯಿತು ಎಂಬುದು ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಕಾಣುತ್ತದೆ. ನೋಡಲು ಸರಳವೆನಿಸಿದರೂ ಇಡೀ ವಿದ್ಯೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ.

ಎರಡನೆಯ ಪರಂಪರೆ ನೆದರ್ಲೆಂಡ್ಸಿನದು. ಐಂಡ್‌ಹೋವನ್‌ನ ವಿಲ್ ವಾನ್ ಡೆರ್ ಆಲ್ಸ್ಟ್ ಮತ್ತು ಸಹೋದ್ಯೋಗಿಗಳು ದಾಖಲೆಗಳಿಂದಲೇ ಕಾರ್ಯವಿಧಾನದ ನಕ್ಷೆಯನ್ನು ಹೊರತೆಗೆಯುವ ಗಣಿತಕ್ರಮವನ್ನು 2004ರಲ್ಲಿ ಪ್ರಕಟಿಸಿದರು. ಇದಕ್ಕೆ ಪ್ರೊಸೆಸ್ ಮೈನಿಂಗ್ ಎಂಬ ಹೆಸರು ನಿಂತಿದೆ. ಇಲ್ಲಿ ಪ್ರತಿಯೊಂದು ಘಟನೆಯೂ ಒಂದು ಚೌಕ. ಒಂದರಿಂದ ಇನ್ನೊಂದಕ್ಕೆ ಬಾಣ. ಹೆಚ್ಚು ಪ್ರಕರಣಗಳು ಸಾಗಿದ ಬಾಣ ದಪ್ಪವಾಗಿರುತ್ತದೆ. ವಿಳಂಬವಾದ ಬಾಣ ಕೆಂಪಾಗಿರುತ್ತದೆ. ಪ್ರೋಮ್ ಎಂಬುದು ಉಚಿತ ತಂತ್ರಾಂಶ. 2011ರಲ್ಲಿ ಮ್ಯೂನಿಕ್‌ನಲ್ಲಿ ಸ್ಥಾಪಿತವಾದ ಸೆಲೋನಿಸ್ ಬೃಹತ್ ಕಂಪನಿಗಳನ್ನು ಗುರಿಯಾಗಿಟ್ಟುಕೊಂಡಿದೆ. ಐಬಿಎಂ 2021ರಲ್ಲಿಯೂ ಮೈಕ್ರೋಸಾಫ್ಟ್ 2022ರಲ್ಲಿಯೂ ಇಂಥ ಒಂದೊಂದು ಸಂಸ್ಥೆಯನ್ನು ಖರೀದಿಸಿವೆ.

ಮಾರುಕಟ್ಟೆಯ ಲಾಟು

ಹಾವೇರಿ ಜಿಲ್ಲೆಯ ವರ್ತಕರು ಇಂಥ ಸರಣಿಗಳ ನಡುವೆಯೇ ವ್ಯವಹರಿಸುತ್ತಿದ್ದಾರೆ. ಕರ್ನಾಟಕ ಸರ್ಕಾರದ ಸಹಭಾಗಿತ್ವದಲ್ಲಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯ ಏಕೀಕೃತ ವೇದಿಕೆಯಲ್ಲಿ, ದ್ವಾರದಲ್ಲಿ ನೋಂದಣಿ, ಲಾಟ್ ಸಂಖ್ಯೆ, ಖರೀದಿದಾರರ ಗೌಪ್ಯ ಬೆಲೆ ನಮೂದು, ಟೆಂಡರ್ ಘೋಷಣೆ, ರೈತನ ಒಪ್ಪಿಗೆ, ತೂಕ, ಬಿಲ್ಲು, ಪಾವತಿ ಎಂಬ ಕ್ರಮವಿದೆ. ಈ ವೇದಿಕೆಯ ಪರಿಣಾಮವನ್ನು ಅಳೆದ ಒಂದು ಅಧ್ಯಯನವು 2020ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭತ್ತ, ಶೇಂಗಾ, ಗೋವಿನಜೋಳಗಳ ಮಾದರಿ ದರಗಳು ಕ್ರಮವಾಗಿ ಶೇ. 5.1, 3.6 ಮತ್ತು 3.5ರಷ್ಟು ಏರಿದ್ದವೆಂಬುದು ಅದರ ನಿಷ್ಕರ್ಷೆ.

ಆದರೆ ಮಾದರಿ ದರವೂ ಒಂದು ಸಾರಾಂಶವೇ ಹೊರತು ಸರಣಿಯಲ್ಲ. 2024ರ ಮಾರ್ಚ್ 11, ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಅಂಥ ದಿನ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಅಂಕಿಗಳಿಂದ ಯಾರಿಗೂ ಸಮಾಧಾನವಾಗಲಾರದು. ನಿನ್ನೆ ಬಂದು ಇಂದು ಟೆಂಡರಿಗೆ ನಿಂತ ಲಾಟುಗಳೆಷ್ಟು, ರೈತನು ಬೆಲೆ ಒಪ್ಪದೆ ಮರಳಿ ಟೆಂಡರಿಗೆ ಹೋದವೆಷ್ಟು, ಎರಡನೆಯ ಸಲ ಅವುಗಳ ದರ ಏರಿತೇ ಇಳಿಯಿತೇ, ಪ್ರತಿ ಲಾಟಿಗೆ ಎಷ್ಟು ಮಂದಿ ಬೆಲೆ ನಮೂದಿಸಿದರು ಎಂಬ ಪ್ರಶ್ನೆಗಳಿಗೆ ಉತ್ತರ ಸರಣಿಯಲ್ಲಿರುತ್ತದೆ. ಚಿತ್ರವೊಂದೇ ಸಿಟ್ಟನ್ನು ತಣಿಸುತ್ತದೆಂದಲ್ಲ. ವದಂತಿಗೆ ಎದುರಾಗಿ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಾಗುತ್ತದೆ ಎಂಬಷ್ಟನ್ನು ವರ್ತಕ ಸಮುದಾಯವು ಮನಗಾಣಬೇಕಾಗಿದೆ.

ಒಂದು ಸಣ್ಣ ಘಟಕದ ಲೆಕ್ಕ

ವಿಷಯ ಮನದಟ್ಟಾಗಲು ಕಲ್ಪಿತ ಉದಾಹರಣೆಯೊಂದನ್ನು ಪರಿಶೀಲಿಸಬಹುದು. ಬಂಕಾಪುರದ ಬಳಿ ಕುಂಟೆ, ರೆಂಟೆ ಮೊದಲಾದ ಕೃಷಿ ಉಪಕರಣಗಳನ್ನು ತಯಾರಿಸುವ ಸಣ್ಣ ಘಟಕವೊಂದಿದೆ ಎಂದಿಟ್ಟುಕೊಳ್ಳಿ. ಸರಕು ಹೆದ್ದಾರಿಯ ಮೂಲಕ ಹುಬ್ಬಳ್ಳಿಗೂ ದಾವಣಗೆರೆಗೂ ಹೋಗುತ್ತದೆ. ವರ್ಷದಲ್ಲಿ 40 ಆರ್ಡರುಗಳು. ಆರ್ಡರಿನಿಂದ ಹಣ ಕೈಸೇರುವವರೆಗೆ ಸರಾಸರಿ 58 ದಿನ. ಖರೀದಿದಾರರು ಉದ್ರಿ ಎಳೆಯುತ್ತಾರೆ ಎಂಬುದು ಮಾಲೀಕನ ದೃಢವಾದ ನಂಬಿಕೆ. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಿತಿ ಹೆಚ್ಚಿಸಬೇಕೆಂಬ ಅರ್ಜಿಯೂ ಸಿದ್ಧವಾಗಿದೆ.

ಸರಣಿಗಳನ್ನು ಜೋಡಿಸಿದಾಗ ಎರಡು ದಾರಿಗಳು ಕಾಣುತ್ತವೆ. 25 ಆರ್ಡರುಗಳು ನೇರ ದಾರಿಯಲ್ಲಿ ಸಾಗಿವೆ: ಆರ್ಡರು, ತಯಾರಿ, ರವಾನೆ, ಬಿಲ್ಲು, ಸ್ವೀಕೃತಿ, ಪಾವತಿ. ಇವುಗಳ ಸರಾಸರಿ 31 ದಿನ. ಉಳಿದ 15ರಲ್ಲಿ ಸ್ವೀಕೃತಿಯ ನಂತರ ಕ್ರೆಡಿಟ್ ನೋಟು, ಮತ್ತೆ ಬಿಲ್ಲು, ಆಮೇಲೆ ಪಾವತಿ. ಇವುಗಳ ಸರಾಸರಿ 103 ದಿನ. 58 ದಿನಗಳಲ್ಲಿ ಹಣ ಬಂದ ಆರ್ಡರು ಒಂದೂ ಇಲ್ಲದಿರಬಹುದು. ಅದು ಎರಡು ಬೇರೆ ಬೇರೆ ವ್ಯವಹಾರಗಳನ್ನು ಕಲಸಿ ಪಡೆದ ಅಂಕಿ. ಎಲ್ಲ ಸರಣಿಗಳನ್ನೂ ಮೊದಲ ಬಿಲ್ಲಿನ ನೇರಕ್ಕೆ ನಿಲ್ಲಿಸಿ ನೋಡಿದರೆ, ಆ 15ರಲ್ಲಿಯೂ ಬಿಲ್ಲು ಬರೆಯುವ ಮುನ್ನ ದರ ಖಚಿತಪಡಿಸಿಕೊಂಡ ನಮೂದು ಇಲ್ಲ. ಹಳೆಯ ದರದಲ್ಲಿ ಬಿಲ್ಲು ಹೋಗಿದೆ, ಖರೀದಿದಾರ ಆಕ್ಷೇಪಿಸಿದ್ದಾನೆ, ತಿದ್ದಿದ ಬಿಲ್ಲು ತಡವಾಗಿ ಹೋಗಿದೆ.

ಬಿಲ್ಲೊಂದಕ್ಕೆ ಸರಾಸರಿ 60,000 ರೂ. ಎಂದರೆ 15 ಬಿಲ್ಲುಗಳಲ್ಲಿ 9 ಲಕ್ಷ ರೂ. 72 ದಿನ ಹೆಚ್ಚುವರಿಯಾಗಿ ಸಿಕ್ಕಿಬಿದ್ದಿದೆ. ಶೇ. 12ರ ದರದಲ್ಲಿ ಅದರ ಬಡ್ಡಿ ಸುಮಾರು 21,300 ರೂ. ದೋಷ ಅಂಗಡಿಯ ಒಳಗೇ ಇತ್ತು. ಓವರ್‌ಡ್ರಾಫ್ಟ್ ಮಿತಿ ಏರಿಸಿದ್ದರೆ ಆ ದೋಷಕ್ಕೆ ಇನ್ನಷ್ಟು ಬಡ್ಡಿ ತೆತ್ತಂತಾಗುತ್ತಿತ್ತು.

ಕಾನೂನೂ ಕ್ರಮವನ್ನೇ ಕೇಳುತ್ತದೆ

ಕ್ರಮದ ಮಹತ್ವ ಬಡ್ಡಿಗಷ್ಟೇ ಸೀಮಿತವಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ 15ನೇ ಕಲಮಿನಂತೆ, ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಪೂರೈಕೆದಾರರಿಗೆ ಲಿಖಿತ ಒಪ್ಪಂದದ ದಿನದೊಳಗೆ ಹಣ ಸಲ್ಲಬೇಕು. ಆ ಅವಧಿ ಸ್ವೀಕೃತಿಯಿಂದ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ 16ನೇ ಕಲಮಿನ ಪ್ರಕಾರ ಬ್ಯಾಂಕ್ ದರದ ಮೂರು ಪಟ್ಟು, ಮಾಸಿಕ ಚಕ್ರಬಡ್ಡಿ.

ಇಲ್ಲಿ ‘ಸ್ವೀಕೃತಿಯ ದಿನ’ ಯಾವುದು? ಸರಕು ತಲುಪಿದ ದಿನವೇ ಸ್ವೀಕೃತಿಯ ದಿನ. ಆದರೆ ತಲುಪಿದ 15 ದಿನಗಳೊಳಗೆ ಖರೀದಿದಾರನು ಸರಕಿನ ಸ್ವೀಕಾರದ ಬಗ್ಗೆ ಲಿಖಿತ ಆಕ್ಷೇಪಣೆ ಎತ್ತಿದರೆ, ಪೂರೈಕೆದಾರನು ಅದನ್ನು ಪರಿಹರಿಸಿದ ದಿನವೇ ಸ್ವೀಕೃತಿಯ ದಿನವಾಗುತ್ತದೆ. ಆಕ್ಷೇಪಣೆ ಬಂದದ್ದು 14ನೇ ದಿನವೋ 17ನೇ ದಿನವೋ, ಪತ್ರದ ಮೂಲಕವೋ ಬರೀ ಮಾತಿನಲ್ಲಿಯೋ ಎಂಬುದರ ಮೇಲೆ ಬಡ್ಡಿಯ ಹಕ್ಕು ನಿಂತಿದೆ. ಬಿಲ್ಲಿನ ದರದ ತಕರಾರು ಸರಕಿನ ತಕರಾರಲ್ಲವೆಂದು ವಾದಿಸಲು ಅವಕಾಶವಿದೆ; ಆ ವಾದಕ್ಕೂ ತಾರೀಖುಗಳೇ ಆಧಾರ. ಸರಕು ತಲುಪಿದ ದಿನವನ್ನು ಬರೆದಿಡದ ಪೂರೈಕೆದಾರನು ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕೆಂದೇ ತೋರಿಸಲಾರನು.

ಕಂಪನಿಗಳಿಗೆ ಇನ್ನೊಂದು ನಿಯಮವಿದೆ. 2023ರ ಏಪ್ರಿಲ್ 1ರಿಂದ, ಲೆಕ್ಕ ಬರೆಯುವ ತಂತ್ರಾಂಶವು ಪ್ರತಿಯೊಂದು ನಮೂದಿನ ಬದಲಾವಣೆಯನ್ನೂ ದಿನಾಂಕಸಹಿತ ದಾಖಲಿಸತಕ್ಕದ್ದು. ಆ ದಾಖಲೆಯನ್ನು ನಿಷ್ಕ್ರಿಯಗೊಳಿಸುವಂತಿರಬಾರದು. ಏಕಮಾಲೀಕತ್ವದ ಅಂಗಡಿಗಳಿಗೂ ಪಾಲುದಾರಿಕೆಗಳಿಗೂ ಇದು ಅನ್ವಯವಾಗದು. ಆದರೂ ಬೆಂಗಳೂರಿನ ಟ್ಯಾಲಿಯಂಥ ಸಂಸ್ಥೆಗಳು ಈ ಸೌಲಭ್ಯವನ್ನು ಒದಗಿಸಿರುವುದರಿಂದ ಅದನ್ನು ಬಳಸಿಕೊಳ್ಳಲು ಯಾರಿಗೂ ಅಡ್ಡಿಯಿಲ್ಲ. ಅನೇಕರು ಇದನ್ನು ತಮ್ಮ ಮೇಲಿನ ಪಹರೆಯೆಂದೇ ಬಗೆದಿದ್ದಾರೆ. ಸಿದ್ಧ ಘಟನಾಸರಣಿಯೊಂದು ಪುಕ್ಕಟೆಯಾಗಿ ಕೈಗೆ ಬಂದಿದೆಯೆಂದು ಬಗೆಯುವುದು ಹೆಚ್ಚು ಲಾಭಕರ. ಇ-ವೇ ಬಿಲ್ಲು ಸಹ ವೇಳೆಯ ಮುದ್ರೆಯುಳ್ಳ ದಾಖಲೆಯೇ.

ಎಚ್ಚರಿಕೆಗಳು

ಚಿತ್ರ ಅಂದವಾಗಿದ್ದ ಮಾತ್ರಕ್ಕೆ ಸತ್ಯವಾಗುವುದಿಲ್ಲ. ಸಣ್ಣ ಅಂಗಡಿಗಳಲ್ಲಿ ವಾರಕ್ಕೊಮ್ಮೆ ಬರುವ ಲೆಕ್ಕಿಗನು ಭಾನುವಾರ ಕುಳಿತು ಎಲ್ಲ ಬಿಲ್ಲುಗಳನ್ನೂ ಒಟ್ಟಿಗೆ ಏರಿಸುವ ರೂಢಿಯಿದೆ. ನಮೂದು ಮಾಡಿದ ವೇಳೆಯನ್ನೇ ಘಟನೆಯ ವೇಳೆಯೆಂದು ತಂತ್ರಾಂಶಕ್ಕೆ ಕೊಟ್ಟರೆ ವ್ಯವಹಾರವೆಲ್ಲ ಭಾನುವಾರವೇ ನಡೆದಂತೆ ಕಾಣುತ್ತದೆ. ಬರೀ ತಾರೀಖು ಇದ್ದು ಗಂಟೆ ಇಲ್ಲದಿದ್ದರೆ, ಒಂದೇ ದಿನದ ಎರಡು ಘಟನೆಗಳಲ್ಲಿ ಯಾವುದು ಮೊದಲೆಂದು ಯಂತ್ರಕ್ಕೆ ತಿಳಿಯದು. ಅದು ಪಟ್ಟಿಯಲ್ಲಿ ಮೇಲಿರುವುದನ್ನು ಮೊದಲೆಂದು ಹಿಡಿಯಬಹುದು. ಇನ್ನು ಫೋನಿನಲ್ಲಿ ಆದ ಮಾತು, ಸಂತೆಯಲ್ಲಿ ಕೊಟ್ಟ ಭಾಷೆ, ‘ದೀಪಾವಳಿ ಕಳೆಯಲಿ’ ಎಂಬ ವಾಯಿದೆ ಇವು ಯಾವ ಚಿತ್ರದಲ್ಲಿಯೂ ಮೂಡುವುದಿಲ್ಲ. ಈ ಭಾಗದ ಅರ್ಧ ವ್ಯಾಪಾರ ನಡೆಯುವುದೇ ಅಂಥ ಮಾತಿನ ಮೇಲೆ.

ಪಟ್ಟಿಗೆ ನಾಲ್ಕನೆಯ ಅಂಕಣವಾಗಿ ನೌಕರನ ಹೆಸರನ್ನು ಸೇರಿಸಿದರೆ ಕೆಂಪು ಬಾಣದ ತುದಿಯಲ್ಲಿ ಒಬ್ಬ ಗುಮಾಸ್ತ ನಿಲ್ಲುತ್ತಾನೆ. ಮೇಲಿನ ಉದಾಹರಣೆಯಲ್ಲಿ ಬಿಲ್ಲು ಬರೆದವನನ್ನು ದೂರುವುದು ಸುಲಭ. ಹೊಸ ದರಪಟ್ಟಿಯನ್ನು ಅವನಿಗೆ ತಲುಪಿಸಬೇಕಾಗಿದ್ದವನು ಮಾಲೀಕನೇ ಇದ್ದಿರಬಹುದು. ಮೊದಲ ಸಲ ಹೆಸರುಗಳನ್ನು ಬಿಟ್ಟು ಚಿತ್ರ ತೆಗೆಯುವುದು ನ್ಯಾಯವೂ ಹೌದು, ವಿವೇಕವೂ ಹೌದು.

ವೆಚ್ಚದ ಮಾತು. ನೂರಿನ್ನೂರು ಬಿಲ್ಲುಗಳ ಘಟಕಕ್ಕೆ ದುಬಾರಿ ತಂತ್ರಾಂಶದ ಅಗತ್ಯವೇ ಇಲ್ಲ. ಎಕ್ಸೆಲ್ ಹಾಳೆಯಲ್ಲಿ ಆರ್ಡರಿಗೊಂದು ಸಾಲು, ಹಂತಕ್ಕೊಂದು ಅಂಕಣದಂತೆ ತಾರೀಖುಗಳನ್ನು ತುಂಬಿ, ಪಕ್ಕಪಕ್ಕದ ಅಂಕಣಗಳ ವ್ಯತ್ಯಾಸ ತೆಗೆದು, 30 ದಿನ ಮೀರಿದ ಕೋಶಗಳಿಗೆ ಬಣ್ಣ ಹಚ್ಚಿದರೆ ಸಾಕು. ಬಿಲ್ಲು ತಿದ್ದಿದ ಪ್ರಕರಣಗಳಿಗೆಂದು ಬೇರೆ ಅಂಕಣವೊಂದು ಇರಲಿ. ಪ್ರಕರಣಗಳು ಸಾವಿರ ದಾಟಿ, ದಾರಿಗಳು ಕವಲೊಡೆದು ಹಾಳೆಯಲ್ಲಿ ಹಿಡಿಯಲಾಗದಾಗ ಪ್ರೋಮ್‌ನಂಥ ಉಚಿತ ತಂತ್ರಾಂಶವನ್ನು ಬಲ್ಲವರಿಂದ ಹಾಕಿಸಿಕೊಳ್ಳಬಹುದು. ಕಳೆದ ಮೂರು ತಿಂಗಳ ಬಿಲ್ಲುಗಳಿಂದ ಆರಂಭಿಸುವುದು ಅನುಕೂಲ. ಸರಕು ತಲುಪಿದ ದಿನದ ಅಂಕಣ ಬಹುಪಾಲು ಖಾಲಿಯಿರುವುದು ಆಗಲೇ ಕಾಣುತ್ತದೆ. ಲಾರಿ ಚಾಲಕನು ಮರಳಿ ತರುವ ಚಲನ್ ಪ್ರತಿಯ ಮೇಲೆ ಖರೀದಿದಾರನ ಸಹಿಯ ಜೊತೆಗೆ ತಾರೀಖನ್ನೂ ಬರೆಸುವ ಪದ್ಧತಿಯನ್ನು ಅಂದಿನಿಂದಲೇ ಆರಂಭಿಸಬೇಕಾಗುತ್ತದೆ.