ಪಾಠಕ್ಕೊಂದು ಪಾಡ್‌ಕಾಸ್ಟ್: ಅಧ್ಯಾಪಕರು ಶುರು ಮಾಡುವುದು ಹೇಗೆ?

ಕೇಳಿ ಕಲಿಯುವುದು ಭದ್ರಾವತಿಗೆ ಹೊಸದಲ್ಲ. 1965ರಲ್ಲಿ ಆರಂಭವಾದ ಇಲ್ಲಿನ ಆಕಾಶವಾಣಿ ಮಲೆನಾಡಿನ ಮನೆಮನೆಯ ದನಿ. 2004ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಕಲಿಕೆಗೆಂದೇ ಹೊಸ ವಿದ್ಯಾರ್ಥಿಗಳಿಗೆ ಐಪಾಡ್ ಹಂಚಿತ್ತು. ಇಂದು ಆ ಕೆಲಸಕ್ಕೆ ಸಾಮಾನ್ಯ ಮೊಬೈಲೇ ಸಾಕು. ನ್ಯೂ ಟೌನ್‌ನ ಸರ್ ಎಂ.ವಿ. ಸರ್ಕಾರಿ ಕಲಾ ಮತ್ತು ವಾಣಿಜ್ಯ ಕಾಲೇಜಿನಂಥ ಕಡೆ ಪಾಠದ ಪಾಡ್‌ಕಾಸ್ಟನ್ನು ಈ ಸೆಮಿಸ್ಟರ್‌ನಲ್ಲೇ ಶುರು ಮಾಡಬಹುದು.

ಮೊದಲನೆಯದಾಗಿ, ತರಗತಿಯ ಇಡೀ ಪಾಠವನ್ನು ರೆಕಾರ್ಡ್ ಮಾಡಿ ಕಳಿಸಬೇಡಿ. ಕಪ್ಪುಹಲಗೆ ಕಾಣದವರಿಗೆ ಅದು ಬರೀ ಗದ್ದಲ. ವಿದ್ಯಾರ್ಥಿಗಳು ಪ್ರತಿವರ್ಷ ಎಡವುವ ಒಂದೇ ಒಂದು ವಿಷಯ ಆರಿಸಿ, ಎಂಟು–ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಿ.

ಎರಡನೆಯದು ಬರವಣಿಗೆ, ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲೇ. ಆಲ್ಫ್ರೆಡ್ ವೆಬರ್ 1909ರಲ್ಲಿ ಮಂಡಿಸಿದ ಕೈಗಾರಿಕಾ ಸ್ಥಾನ ಸಿದ್ಧಾಂತವನ್ನೇ ತೆಗೆದುಕೊಳ್ಳಿ. ವ್ಯಾಖ್ಯೆಯಿಂದ ಶುರು ಮಾಡಿದರೆ ಕೇಳುಗ ಅಲ್ಲೇ ಕೈಬಿಡುತ್ತಾನೆ. 'ನಮ್ಮೂರಿನ ಕಬ್ಬಿಣದ ಕಾರ್ಖಾನೆ ಬೆಂಗಳೂರಿನಲ್ಲಿ ಏಕಿಲ್ಲ?' ಎಂದು ಕೇಳಿ ನೋಡಿ. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಸೌದೆಯಿಂದ ಇದ್ದಿಲು, ಭದ್ರಾ ನದಿಯ ನೀರು. ಕರಗಿಸಿದಾಗ ಅದಿರು ತೂಕ ಕಳೆದುಕೊಳ್ಳುತ್ತದೆ, ಇದ್ದಿಲು ಉರಿದೇ ಹೋಗುತ್ತದೆ. ಅಷ್ಟು ಭಾರವನ್ನು ದೂರ ಸಾಗಿಸುವುದು ನಷ್ಟ. 1923ರಲ್ಲಿ ಇಲ್ಲಿ ಊದುಕುಲುಮೆ ಹೊತ್ತಿದ್ದರ ಹಿಂದಿನ ಲೆಕ್ಕ ಇದು. ಇಷ್ಟಾದ ಮೇಲೆ ವೆಬರ್ ಹೆಸರು ಹೇಳಿ. ವಾಕ್ಯ ಚಿಕ್ಕದಿರಲಿ. ಇಂಗ್ಲಿಷ್ ಪಾರಿಭಾಷಿಕ ಪದವನ್ನು ಎರಡು ಸಲ ನಿಧಾನವಾಗಿ ಉಚ್ಚರಿಸಿ, ಕನ್ನಡದಲ್ಲಿ ವಿವರಿಸಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಳ್ಳುವ ವಾಕ್ಯವನ್ನು ಒಡೆಯಿರಿ.

ರೆಕಾರ್ಡಿಂಗ್‌ಗೆ ಖಾಲಿ ತರಗತಿ ಬೇಡ, ದನಿ ಗೋಡೆಗೆ ಬಡಿದು ಮರಳುತ್ತದೆ. ಹಾಸಿಗೆ, ಬಟ್ಟೆಗಳಿರುವ ಮನೆಯ ಕೋಣೆ ವಾಸಿ. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರವಿಡಿ.

ತಪ್ಪುಗಳನ್ನು ಕತ್ತರಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ ಇದೆ. ಮೊನೊ, 64 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿದರೆ ಹತ್ತು ನಿಮಿಷದ ಕಡತ ಐದು ಎಂಬಿ ಮೀರುವುದಿಲ್ಲ. ಸಿನಿಮಾ ಸಂಗೀತ ಸೇರಿಸಬೇಡಿ, ಹಕ್ಕುಸ್ವಾಮ್ಯದ ತೊಡಕಾಗುತ್ತದೆ.

ಹಂಚಲು ತರಗತಿಯ ವಾಟ್ಸ್‌ಆ್ಯಪ್ ಗುಂಪೇ ಸಾಕು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಸಿಗದ ಹಳ್ಳಿಯ ಬಸ್ಸಿನಲ್ಲೂ ಕೇಳಬಹುದು. ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಬರಹರೂಪವನ್ನೂ ತಪ್ಪದೆ ಜೊತೆಗಿಡಿ. ಇದು ಉಪಕಾರವಲ್ಲ, ಅವರ ಹಕ್ಕು. ಕೊನೆಗೊಂದು ಪ್ರಶ್ನೆ ಕೇಳಿ, ಮರುದಿನದ ತರಗತಿಯನ್ನು ಅದರ ಉತ್ತರದಿಂದಲೇ ಆರಂಭಿಸಿ. ಹಾಗೆ ಮಾಡದಿದ್ದರೆ ಕೇಳುವವರು ಬೇಗ ಕಡಿಮೆಯಾಗುತ್ತಾರೆ.

ನಾಲ್ಕೈದು ಕಂತುಗಳಾದ ಮೇಲೆ ಮೈಕನ್ನು ವಿದ್ಯಾರ್ಥಿಗಳ ಕೈಗೆ ಕೊಡಿ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರನ್ನು ಅವರು ಮಾತನಾಡಿಸಲಿ. ರೆಕಾರ್ಡ್ ಮಾಡಲು, ಹಂಚಲು ಎರಡಕ್ಕೂ ಮೊದಲೇ ಲಿಖಿತ ಒಪ್ಪಿಗೆ ಪಡೆಯಲಿ. ಸಿದ್ಧವಾದ ಕಂತನ್ನು ಮೊದಲು ಆ ಹಿರಿಯರಿಗೇ ಕೇಳಿಸಲಿ.