ಮಧುಗಿರಿ ಕೋಟೆಯೂ ಅದನ್ನು ಕಟ್ಟಿದ ಗೌಡರ ಮನೆತನವೂ



ಇತಿಹಾಸ ಅಂದಕೂಡಲೇ ನಮಗೆ ಹಂಪೆ, ಮೈಸೂರು, ದೆಹಲಿ ನೆನಪಾಗುತ್ತವೆ. ಪರೀಕ್ಷೆಯಲ್ಲೂ ಅವನ್ನೇ ಕೇಳುತ್ತಾರೆ. ಆದರೆ ನಮ್ಮ ಚೇಳೂರಿನ ಸುತ್ತಮುತ್ತಲೇ ಪಾಳೆಯಗಾರರ ಮನೆತನಗಳು ಆಳಿವೆ. ನಮ್ಮ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ನಾಯಕರು ಆಳಿದರು. ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದು ಅದೇ ಮನೆತನದ ಚಿಕ್ಕನಾಯಕನಿಂದ. ಈ ಸಲ ನಾನು ಬರೆಯುವುದು ಮಧುಗಿರಿಯ ವಿಷಯ. ಕೋಟೆ ಇನ್ನೂ ಗಟ್ಟಿಯಾಗಿ ನಿಂತಿರುವುದರಿಂದ ಹೋಗಿ ಕಣ್ಣಾರೆ ನೋಡಬಹುದು.

ಪಾಳೆಯ ಅಂದರೆ ದಂಡು ಬೀಡುಬಿಟ್ಟ ಜಾಗ. ದಂಡು ಇಟ್ಟುಕೊಂಡು, ಸುತ್ತಲಿನ ಹಳ್ಳಿಗಳ ಕಂದಾಯ ಎತ್ತಿ, ದೊಡ್ಡ ರಾಜನಿಗೆ ಕಪ್ಪ ಕೊಡುವವನೇ ಪಾಳೆಯಗಾರ. ವಿಜಯನಗರ ಬಿದ್ದ ಮೇಲೆ ಇವರಿಗೆ ಯಜಮಾನರು ಬದಲಾಗುತ್ತಲೇ ಹೋದರು. ಶಿರಾದಲ್ಲಿ ಮೊದಲು ಬಿಜಾಪುರದವರು ಕೂತರು, 1687ರಲ್ಲಿ ಮೊಗಲರು ಬಂದರು.

ಮಧುಗಿರಿ ತುಮಕೂರಿನಿಂದ ಸುಮಾರು 43 ಕಿ.ಮೀ. ದೂರ. ಹಿಂದೆ ಇದಕ್ಕೆ ಮದ್ದಗಿರಿ ಅನ್ನುತ್ತಿದ್ದರು. ಬೆಟ್ಟವೆಲ್ಲಾ ಒಂದೇ ಬಂಡೆ, ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಕೋಟೆ ಹುಟ್ಟಿದ ಕಥೆ ಚೆನ್ನಾಗಿದೆ. ಕಳೆದುಹೋಗಿದ್ದ ಕುರಿಯೊಂದು ಬೆಟ್ಟದಿಂದ ಮೈಯೆಲ್ಲಾ ಒದ್ದೆ ಮಾಡಿಕೊಂಡು ಇಳಿದು ಬಂತಂತೆ. ಓಹೋ, ಮೇಲೆ ನೀರಿದೆ ಅಂತ ಗೊತ್ತಾಗಿ ರಾಜಾ ಹಿರೇಗೌಡ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನಂತೆ. ಕಥೆ ನಿಜವೋ ಅಲ್ಲವೋ, ಅದರಲ್ಲಿರುವ ಮಾತು ಮಾತ್ರ ನಿಜ. ಗೋಡೆ ಎಷ್ಟು ಎತ್ತರವಿದ್ದರೇನು, ಮೇಲೆ ದೊಣೆಯಲ್ಲಿ ನೀರಿಲ್ಲದಿದ್ದರೆ ಮುತ್ತಿಗೆ ಬಿದ್ದಾಗ ಎಷ್ಟು ದಿನ ತಡೆದಾರು? ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಗೌಡರ ಆಳ್ವಿಕೆ ಬಹಳ ಕಾಲ ನಿಲ್ಲಲಿಲ್ಲ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಮಧುಗಿರಿಯನ್ನು ಗೆದ್ದು, ಆಳುತ್ತಿದ್ದವರನ್ನು ಶ್ರೀರಂಗಪಟ್ಟಣಕ್ಕೆ ಹಿಡಿದುಕೊಂಡು ಹೋಯಿತು. ಈಗ ಕಾಣುವ ಕಲ್ಲಿನ ಕೋಟೆಯನ್ನು ಗಟ್ಟಿ ಮಾಡಿಸಿದವನು ಹೈದರಾಲಿ.

ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಇದರ ನಂತರದ್ದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ತಂದು ಇದೇ ಬೆಟ್ಟದಲ್ಲಿ ಸೆರೆಯಿಟ್ಟ. ಮಲೆನಾಡಿನ ಮಳೆಯಲ್ಲಿ ಬಾಳಿದವಳು ಈ ಕಾದ ಬಂಡೆಯ ಮೇಲೆ ನಾಲ್ಕು ವರ್ಷ ಹೇಗಿದ್ದಳೋ! 1767ರಲ್ಲಿ ಮರಾಠರ ಪೇಶ್ವೆ ಮಾಧವರಾಯ ಕೋಟೆ ಹಿಡಿದು ಅವರನ್ನು ಬಿಡಿಸಿದ. ಆದರೆ ಪುಣೆಗೆ ಹೋಗುವ ದಾರಿಯಲ್ಲೇ ರಾಣಿ ತೀರಿಕೊಂಡಳು ಎನ್ನುತ್ತಾರೆ. ಕೋಟೆ ಅಂದರೆ ಬರೀ ಶೌರ್ಯ ಅಂತ ಭಾಷಣ ಮಾಡುವವರು ಇದನ್ನೂ ಸ್ವಲ್ಪ ಹೇಳಿದರೆ ಒಳ್ಳೆಯದು. 1774ರಲ್ಲಿ ಟಿಪ್ಪು ಕೋಟೆಯನ್ನು ಮತ್ತೆ ವಶಪಡಿಸಿಕೊಂಡ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಡಾಕ್ಟರು ಕಂಪನಿ ಸರ್ಕಾರದ ಅಪ್ಪಣೆಯಂತೆ ನಮ್ಮ ಸೀಮೆಯನ್ನೆಲ್ಲಾ ಸುತ್ತಿ, ಬೆಳೆ, ದನಕರು, ಸಂತೆಗಳ ಬಗ್ಗೆ ಬರೆದುಕೊಂಡರು. ಗುಬ್ಬಿಗೂ ಮಧುಗಿರಿಗೂ ಬಂದಿದ್ದರು. ಅವರ ಹುಟ್ಟೂರು ಸ್ಕಾಟ್ಲೆಂಡಿನಲ್ಲಿ. ಆ ದೇಶದಲ್ಲೂ ನಮ್ಮ ಪಾಳೆಯಗಾರರಂಥ ಮನೆತನಗಳು ಒಂದೊಂದು ಕೋಟೆ ಕಟ್ಟಿಕೊಂಡು ಬಡಿದಾಡುತ್ತಿದ್ದವು. ಡನ್‌ವೆಗನ್ ಎಂಬ ಕೋಟೆಯಂತೂ ಸುಮಾರು 800 ವರ್ಷದಿಂದ ಮ್ಯಾಕ್‌ಲಿಯಡ್ ಎಂಬ ಒಂದೇ ಮನೆತನದ ಕೈಯಲ್ಲಿದೆ. ನಮ್ಮಲ್ಲಿ ಹಾಗಾಗಲಿಲ್ಲ. ಹೈದರ್, ಟಿಪ್ಪು ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಕಿತ್ತುಹಾಕಿದರು. ಕೋಟೆ ಉಳಿಯಿತು, ಮನೆತನ ಚದುರಿತು.

ಊರಿನಲ್ಲಿ ವೆಂಕಟರಮಣಸ್ವಾಮಿ, ಮಲ್ಲೇಶ್ವರ ದೇವಸ್ಥಾನಗಳು ಅಕ್ಕಪಕ್ಕದಲ್ಲಿವೆ. ಮೊದಲು ಅವನ್ನು ನೋಡಿ. ಬೆಟ್ಟ ಹತ್ತುವಾಗ ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಸಿಗುತ್ತವೆ. ಆಮೇಲೆ ಬಂಡೆಗೇ ಕೊರೆದ ಸಣ್ಣ ಮೆಟ್ಟಿಲು, ಕಂಬಿ ಹಿಡಿದುಕೊಂಡೇ ಹತ್ತಬೇಕು. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಸ್ಥಾನ. ಅಷ್ಟು ಎತ್ತರಕ್ಕೆ ಇಟ್ಟಿಗೆ, ಗಾರೆ ಹೊತ್ತವರ ಹೆಸರು ಎಲ್ಲೂ ಬರೆದಿಲ್ಲ. ಬಿಸಿಲೇರುವ ಮೊದಲೇ ಹತ್ತಲು ಶುರು ಮಾಡಿ, ನೀರು ಕೆಳಗಿನಿಂದಲೇ ತೆಗೆದುಕೊಂಡು ಹೋಗಿ. ಮಳೆ ಬಿದ್ದ ದಿನ ಬಂಡೆ ಜಾರುತ್ತದೆ, ಹತ್ತಲೇಬೇಡಿ.