ಮ್ಯಾಕ್ ಮಿನಿ ಕೊಳ್ಳುವ ಮುನ್ನ

2024ರ ಅಕ್ಟೋಬರ್ ಕೊನೆಯಲ್ಲಿ ಆಪಲ್ ಕಂಪನಿ ಎಂ4 ಚಿಪ್‌ನ ಮ್ಯಾಕ್ ಮಿನಿ ಬಿಟ್ಟಾಗ, ವಿಂಡೋಸ್ ಡಬ್ಬಗಳ ಧೂಳು ಹೊಡೆಯುತ್ತಲೇ ವಯಸ್ಸಾದ ನನ್ನಂಥವರಿಗೂ ಆಸೆಯಾಯಿತು, ಸುಳ್ಳೇಕೆ? ಐದು ಇಂಚು ಚೌಕದ ಪುಟ್ಟ ಪೆಟ್ಟಿಗೆ, 16 ಜಿಬಿ ರ‍್ಯಾಮ್, ಬಿಡುಗಡೆಯ ಬೆಲೆ 59,900 ರೂಪಾಯಿ. ಪರವಾಗಿಲ್ಲ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಆದರೆ ಮಾನಿಟರ್, ಕೀಬೋರ್ಡ್, ಮೌಸ್ ಬೇರೆ ಕೊಳ್ಳಬೇಕು. ಹಳೆಯ ಪೆನ್‌ಡ್ರೈವ್ ಸಿಕ್ಕಿಸಲು ಜಾಗವೇ ಇಲ್ಲ, ಯುಎಸ್‌ಬಿ ಎಲ್ಲ ಸಿ ಮಾದರಿಯದೇ. ಪವರ್ ಬಟನ್ ತಳದಲ್ಲಿದೆ (ಯಾರ ತಲೆಗೆ ಹೊಳೆಯಿತೋ!). ರ‍್ಯಾಮ್ ಸಾಲದೆಂದು ಆಮೇಲೆ ಸೇರಿಸಲು ಬರುವುದಿಲ್ಲ. 256 ಜಿಬಿ ಸಂಗ್ರಹ ಕಡಿಮೆಯೆನಿಸಿದರೆ ಹೊರಗಿನ ಎಸ್‌ಎಸ್‌ಡಿ ಹಾಕಿಕೊಳ್ಳಿ, ಅಗ್ಗ.

ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಗಮನಿಸಿ. ಮ್ಯಾಕ್‌ನಲ್ಲಿ ಯೂನಿಕೋಡ್ ಕನ್ನಡ ಟೈಪಿಂಗ್ ಆರಾಮ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿಟ್ಟ ಕಡತಗಳನ್ನು ಆ ಫಾಂಟ್ ಇಲ್ಲದೆ ತೆರೆದರೆ ಕಾಣುವುದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಬೂಟ್ ಕ್ಯಾಂಪ್ ಹಾಕಿ ವಿಂಡೋಸ್ ಓಡಿಸೋಣವೆಂದರೆ ಈ ಚಿಪ್‌ಗಳಲ್ಲಿ ಆ ಸೌಲಭ್ಯವಿಲ್ಲ. ಹಾಗಾಗಿ ಈಗಿರುವ ಪಿಸಿಯಲ್ಲೇ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳ ಮೇಲೊಮ್ಮೆ ಕಣ್ಣಾಡಿಸಿ, ಆಮೇಲೆ ಅಂಗಡಿಗೆ ಹೋಗಿ.